ಪಳೆಯುಳಿಕೆ, ಕಿಟ್ಟ ಮತ್ತು ಕಲ್ಲಿದ್ದಲು: ಬಳ್ಳಾರಿ ಪ್ರದೇಶದಲ್ಲಿ ಗುರುತಿಸುವಿಕೆ

ಕಿಟ್ಟ, ಕಲ್ಲಿದ್ದಲು ಮತ್ತು ಪಳೆಯುಳಿಕೆಗಳು ಮೂಲದಲ್ಲಿ ಸಂಪೂರ್ಣ ಬೇರೆಯಾದರೂ ಹೊರನೋಟಕ್ಕೆ ಕೆಲವೊಮ್ಮೆ ಒಂದನ್ನೊಂದು ಹೋಲುವ ವಸ್ತುಗಳು. ಅದಿರನ್ನು ಕರಗಿಸಿ ಲೋಹವನ್ನು ಬೇರ್ಪಡಿಸಿದ ಬಳಿಕ ಉಳಿಯುವ ಕಲ್ಲಿನಂತಹ ಕಸವೇ ಕಿಟ್ಟ. ಕಾರ್ಖಾನೆಗಳ ಭಾಷೆಯಲ್ಲಿ ಇದಕ್ಕೆ ಸ್ಲ್ಯಾಗ್ ಎಂದು ಹೆಸರು. ಕಲ್ಲಿದ್ದಲು ಪುರಾತನ ಸಸ್ಯರಾಶಿ ನೆಲದಡಿ ಹೂತು, ಒತ್ತಡ ಮತ್ತು ಶಾಖಗಳಿಂದ ಮಾರ್ಪಟ್ಟ ಉರಿಯುವ ಶಿಲೆ. ಗತಕಾಲದ ಪ್ರಾಣಿ ಅಥವಾ ಸಸ್ಯದ ದೇಹಭಾಗ, ಅಚ್ಚು, ಹೆಜ್ಜೆಗುರುತು ಮುಂತಾದವು ಶಿಲಾಸ್ತರಗಳಲ್ಲಿ ಉಳಿದುಕೊಂಡಿದ್ದರೆ ಅದನ್ನು ಪಳೆಯುಳಿಕೆ ಅಥವಾ ಜೀವ್ಯವಶೇಷ ಎನ್ನಲಾಗುತ್ತದೆ.

ಬಳ್ಳಾರಿ ಜಿಲ್ಲೆಯ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮತ್ತು ಸಂಡೂರು ಭಾಗಗಳಲ್ಲಿ ಹೊಲ, ಹಳ್ಳ, ರಸ್ತೆಬದಿ, ರೈಲುಹಳಿಗಳ ಪಕ್ಕ ದೊರೆಯುವ ಕಪ್ಪಾದ, ತೂತುತೂತಾದ ಕಲ್ಲುಗಳನ್ನು ಪಳೆಯುಳಿಕೆಗಳೆಂದು ಭಾವಿಸುವುದು ಸಾಮಾನ್ಯ. ಇಲ್ಲಿನ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ತೊಡಕೂ ಇದೆ. ನೋಡಲು ಕಿಟ್ಟದಂತೆಯೇ ಇರುವ, ಆದರೆ ಕಿಟ್ಟವೂ ಅಲ್ಲದ, ಪಳೆಯುಳಿಕೆಯೂ ಅಲ್ಲದ ನಾಲ್ಕನೆಯ ವಸ್ತುವೊಂದು ಈ ಸೀಮೆಯಲ್ಲಿದೆ. ಅದು ನವಶಿಲಾಯುಗದ ಬೂದಿದಿಬ್ಬಗಳಲ್ಲಿ ಕರಗಿ ಗಟ್ಟಿಯಾದ ಸಗಣಿಯ ಬೂದಿ. ಕಿಟ್ಟವನ್ನು ಪಳೆಯುಳಿಕೆಯೆಂದು ತಿಳಿದರೆ ಆಗುವ ನಷ್ಟ ಅಲ್ಪ. ಬೂದಿದಿಬ್ಬವನ್ನು ಕಿಟ್ಟದ ರಾಶಿಯೆಂದು ತಿಳಿದು ಅಗೆದು ಸಾಗಿಸಿದರೆ ಆಗುವ ನಷ್ಟವನ್ನು ತುಂಬಿಕೊಳ್ಳಲಾಗದು.

ಪ್ರದೇಶದ ಭೂರಚನೆ

ಕೈಗೆ ಸಿಕ್ಕ ಕಲ್ಲನ್ನು ಪರೀಕ್ಷಿಸುವ ಮೊದಲು ಅದು ಸಿಕ್ಕ ನೆಲವನ್ನು ತಿಳಿಯಬೇಕು. ಬಳ್ಳಾರಿ ಸುತ್ತಲಿನ ನೆಲದ ಬುನಾದಿ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಬಳ್ಳಾರಿಯ ಕೋಟೆಗುಡ್ಡ, ಕುರುಗೋಡಿನ ಬೆಟ್ಟಸಾಲು, ಸಂಗನಕಲ್ಲಿನ ಗುಡ್ಡಗಳು, ತೆಕ್ಕಲಕೋಟೆಯ ಬೆಟ್ಟಗಳು ಎಲ್ಲವೂ ಈ ಜಾತಿಯವೇ. ರಾಜ್ಯದ ಉದ್ದಕ್ಕೂ ಉತ್ತರ–ದಕ್ಷಿಣವಾಗಿ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಸಂಡೂರಿನ ಕಬ್ಬಿಣ–ಮ್ಯಾಂಗನೀಸ್ ಅದಿರಿನ ಬೆಟ್ಟಗಳು ಸೇರಿರುವ ಶಿಲಾಪಟ್ಟಿ ಇದಕ್ಕಿಂತಲೂ ಹಳೆಯದು. ಚಿಪ್ಪು, ಮೂಳೆ ಮುಂತಾದ ಗಟ್ಟಿ ಅಂಗಗಳುಳ್ಳ ಪ್ರಾಣಿಗಳು ಭೂಮಿಯ ಮೇಲೆ ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಈಚೆಗೆ. ಆದುದರಿಂದ ಈ ಶಿಲೆಗಳ ಒಳಗೆ ಮೀನು, ಶಂಖ, ಡೈನೋಸಾರ್ ಮೂಳೆ ಅಥವಾ ಮರದ ಕಾಂಡ ಇರುವ ಸಾಧ್ಯತೆಯೇ ಇಲ್ಲ. ಜೊತೆಗೆ ಗ್ರಾನೈಟ್ ಕರಗಿದ ಶಿಲಾರಸ ಆರಿ ಗಟ್ಟಿಯಾದ ಕಲ್ಲು. ಅದರಲ್ಲಿ ಜೀವಿಯ ಕುರುಹು ಉಳಿಯುವುದಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಸಂಡೂರು ಶಿಲಾಪಟ್ಟಿಯ ಕಾರ್ಬೊನೇಟ್ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ವರದಿಯಾಗಿವೆ. ಇವು ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ತೆಳುಪದರಗಳು ಕೆಸರನ್ನು ಹಿಡಿದಿಟ್ಟುಕೊಂಡು ಒಂದರ ಮೇಲೊಂದು ಬೆಳೆದಾಗ ಉಂಟಾದ ಪದರುಪದರಾದ ರಚನೆಗಳು. ಕತ್ತರಿಸಿದ ಈರುಳ್ಳಿಯ ಸುತ್ತುಗಳನ್ನು ನೆನಪಿಗೆ ತರುವ ಈ ಗೆರೆಗಳು ಅಪ್ಪಟ ಪಳೆಯುಳಿಕೆಗಳೇ. ಆದರೆ ತಜ್ಞರ ಕಣ್ಣಿಗಲ್ಲದೆ ಬೇರೆಯವರಿಗೆ ಅವು ಬರಿಯ ಗೆರೆಗಲ್ಲಾಗಿ ಕಾಣುತ್ತವೆ. ಪಳೆಯುಳಿಕೆಯ ಹಂಬಲದಿಂದ ಹುಡುಕುವವರು ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಇಂತಹ ಕಲ್ಲನ್ನಲ್ಲ. ಹೊಳೆಯುವ, ಬುರುಬುರು ತೂತುಳ್ಳ ಕಿಟ್ಟವನ್ನು.

ಗ್ರಾನೈಟಿನ ಮೇಲೆ ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಭಾಗಗಳಲ್ಲಿ ಎರೆಮಣ್ಣು ಹರಡಿದೆ. ಎರೆಭೂಮಿಯಲ್ಲಿ ಬಿಳಿಯ, ಗಂಟುಗಂಟಾದ ಸುಣ್ಣದ ಹರಳುಗಳು ಹೇರಳವಾಗಿ ಸಿಗುತ್ತವೆ. ಬೆರಳಿನ ಗೆಣ್ಣು, ಹಲ್ಲು, ಸಣ್ಣ ಮೂಳೆಯ ಆಕಾರದ ಹರಳುಗಳನ್ನು ಮಕ್ಕಳು ‘ಕಲ್ಲಾದ ಮೂಳೆ’ ಎಂದು ಆಯ್ದು ತರುವುದುಂಟು. ಮಣ್ಣಿನೊಳಗಿನ ನೀರು ಆವಿಯಾಗುವಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರುಗಳ ಸುತ್ತ, ಬಿರುಕುಗಳ ಒಳಗೆ ಗಡ್ಡೆಕಟ್ಟಿ ಇವು ಉಂಟಾಗುತ್ತವೆ. ಒಂದು ಹರಳನ್ನು ಒಡೆದು ನಿಂಬೆರಸ ಹಾಕಿದರೆ ನೊರೆ ಏಳುತ್ತದೆ. ಒಡೆದ ಮೈಯಲ್ಲಿ ಮೂಳೆಯ ರಚನೆ ಏನೂ ಕಾಣುವುದಿಲ್ಲ.

ಕರ್ನಾಟಕದಲ್ಲಿ ದೊರೆತ ನಿಜವಾದ ಪಳೆಯುಳಿಕೆಗಳು

ಹೋಲಿಕೆಗಾಗಿ ನಿಜವಾದ ಪಳೆಯುಳಿಕೆಗಳು ಎಂತಹ ಸ್ಥಳದಲ್ಲಿ ಸಿಕ್ಕಿವೆ ಎಂಬುದನ್ನು ನೋಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ (1834–1912) ಬೆಳಗಾವಿ ಜಿಲ್ಲೆಯ ಗೋಕಾಕ ಸಮೀಪದ ಚಿಕ್ಕದೌಳಿಯಲ್ಲಿ ಅಳಿದುಹೋದ ಘೇಂಡಾಮೃಗವೊಂದರ ಮೂಳೆಗಳನ್ನು ಪತ್ತೆಹಚ್ಚಿದರು. ಅದರ ವಿವರ 1874ರಲ್ಲಿ ಪ್ರಕಟವಾಯಿತು. ಆ ಮೂಳೆಗಳು ಸಿಕ್ಕಿದ್ದು ಹೊಳೆ ತಂದು ಹಾಸಿದ ಹಳೆಯ ಮೆಕ್ಕಲು ಮಣ್ಣಿನ ಪದರದಲ್ಲಿ. ಬಾಗಲಕೋಟೆ–ಬೆಳಗಾವಿ ಭಾಗದ ಕಲಾದಗಿ ಶಿಲಾಸ್ತೋಮದ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಕಲಬುರಗಿ ಭಾಗದಲ್ಲಿ ಲಾವಾ ಹರಿವುಗಳ ನಡುವೆ ಸಿಲುಕಿದ ಕೆರೆಗೆಸರಿನ ಪದರಗಳಲ್ಲಿ ಸಿಹಿನೀರಿನ ಶಂಖ ಮುಂತಾದವು ದೊರೆತಿವೆ. ಎಲ್ಲ ಕಡೆಯೂ ಪಳೆಯುಳಿಕೆ ಇರುವುದು ನೀರು ತಂದು ನಿಲ್ಲಿಸಿದ ಕೆಸರು, ಮರಳು ಅಥವಾ ಸುಣ್ಣದ ಪದರದೊಳಗೆ ಎಂಬುದು ಗಮನಾರ್ಹ. ಪದರವಿಲ್ಲದೆ ಹೊಲದ ಮೇಲೆ ಒಂಟಿಯಾಗಿ ಬಿದ್ದಿರುವ ಕರಿಕಲ್ಲು ಪಳೆಯುಳಿಕೆ ಎಂದು ಹೇಳುವವರು ಅದು ಯಾವ ಪದರದಿಂದ ಬಂತು ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಕಿಟ್ಟ

ಕಿಟ್ಟವು ಒಮ್ಮೆ ದ್ರವವಾಗಿದ್ದ ವಸ್ತು. ಅದರ ಎಲ್ಲ ಲಕ್ಷಣಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಕರಗಿದ ಕಿಟ್ಟದೊಳಗಿನ ಅನಿಲ ಗುಳ್ಳೆಗಳಾಗಿ ಏಳುತ್ತಿರುವಾಗಲೇ ಅದು ಆರಿದರೆ ಗುಳ್ಳೆಗಳ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಈ ತೂತುಗಳು ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿದ್ದು, ಸಾಸಿವೆಯಷ್ಟರಿಂದ ಕಡಲೆಕಾಳಿನಷ್ಟರವರೆಗೆ ಬೇರೆಬೇರೆ ಗಾತ್ರದವಾಗಿ, ಕ್ರಮವಿಲ್ಲದೆ ಚದುರಿರುತ್ತವೆ. ತೂತಿನ ಒಳಗೋಡೆ ನುಣ್ಣಗೆ ಹೊಳೆಯುತ್ತದೆ. ಮೇಲ್ಮೈಯಲ್ಲಿ ಬೆಲ್ಲದ ಪಾಕ ಹರಿದು ಆರಿದಂತಹ ಮಡಿಕೆಗಳು, ತೊಟ್ಟಿಕ್ಕಿದ ಗುರುತುಗಳು, ಹಗ್ಗದಂತೆ ಹೊಸೆದ ಗೆರೆಗಳು ಕಾಣಬಹುದು. ಇಂತಹ ಮಡಿಕೆಗಳನ್ನೇ ಹಾವಿನ ಮೈ, ಪ್ರಾಣಿಯ ಚರ್ಮ ಅಥವಾ ಮರದ ತೊಗಟೆಯೆಂದು ತಿಳಿಯುವುದುಂಟು. ಒಡೆದರೆ ಕೆಲವು ಗಾಜಿನಂತೆ ಚೂಪಾದ ಅಂಚಿನ ಚಕ್ಕೆಗಳಾಗುತ್ತವೆ.

ಬಳ್ಳಾರಿ ಸೀಮೆಯಲ್ಲಿ ದೊರೆಯುವ ಕಿಟ್ಟದಲ್ಲಿ ಹಳೆಯದು, ಹೊಸದು ಎಂಬ ಎರಡು ಬಗೆಗಳಿವೆ. ಸಂಡೂರು ಬೆಟ್ಟಗಳ ಅದಿರನ್ನು ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಯಲ್ಲಿ ಹಾಕಿ, ತಿದಿ ಒತ್ತಿ ಕಬ್ಬಿಣ ತೆಗೆಯುವ ಕಸುಬು ಹಿಂದೆ ಈ ಭಾಗದಲ್ಲಿತ್ತು. ಆ ಕುಲುಮೆಗಳ ಶಾಖ ಕಬ್ಬಿಣವನ್ನು ಪೂರ್ತಿ ಕರಗಿಸುವಷ್ಟಿರಲಿಲ್ಲವಾದ್ದರಿಂದ ಅದಿರಿನ ಸಾಕಷ್ಟು ಕಬ್ಬಿಣದ ಅಂಶ ಕಿಟ್ಟದಲ್ಲೇ ಉಳಿಯುತ್ತಿತ್ತು. ಹೀಗಾಗಿ ಹಳೆಯ ಕಿಟ್ಟ ಗಾತ್ರಕ್ಕೆ ಮೀರಿದ ಭಾರವುಳ್ಳದ್ದು. ಬಣ್ಣ ಕಪ್ಪು ಅಥವಾ ಕಂದುಕಪ್ಪು, ಮೇಲೆ ತುಕ್ಕಿನ ಕಲೆ. ಆಯಸ್ಕಾಂತ ಕೆಲವೊಮ್ಮೆ ಅಂಟುತ್ತದೆ. ಒಳಗೆ ಇದ್ದಿಲಿನ ಚೂರು ಸಿಕ್ಕಿಕೊಂಡಿರಬಹುದು. ಸುಟ್ಟ ಮಣ್ಣಿನ ಊದುಕೊಳವೆಯ ತುಂಡುಗಳು ಜೊತೆಯಲ್ಲಿದ್ದರೆ ಅಲ್ಲಿ ಕುಲುಮೆಯಿತ್ತೆಂದು ಖಚಿತವಾಗಿ ಹೇಳಬಹುದು. ಅಂತಹ ರಾಶಿಯೂ ಇತಿಹಾಸದ ಸಾಕ್ಷಿಯೇ ಆದುದರಿಂದ ಅದನ್ನು ಕದಡದಿರುವುದು ಒಳ್ಳೆಯದು.

ಹೊಸ ಕಿಟ್ಟ ಉಕ್ಕಿನ ಕಾರ್ಖಾನೆಗಳದು. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂ ಸಂಸ್ಥೆಯ ವಿಜಯನಗರ ಉಕ್ಕಿನ ಕಾರ್ಖಾನೆ ಇದೆ. ಊದುಕುಲುಮೆಗಳಲ್ಲಿ ಅದಿರಿನೊಂದಿಗೆ ಸುಣ್ಣಕಲ್ಲನ್ನು ಸೇರಿಸುವುದರಿಂದ ಅದಿರಿನಲ್ಲಿದ್ದ ಮರಳಿನ ಅಂಶ ಸುಣ್ಣದೊಡನೆ ಕೂಡಿ ಕಿಟ್ಟವಾಗಿ ಮೇಲೆ ತೇಲುತ್ತದೆ. ಕಬ್ಬಿಣ ಬಹುತೇಕ ಬೇರ್ಪಡುವುದರಿಂದ ಈ ಕಿಟ್ಟ ಹಳೆಯದಕ್ಕಿಂತ ಹಗುರ. ಬಣ್ಣ ಬೂದು, ಬಿಳಿಚು, ಕೆಲವೊಮ್ಮೆ ಹಸಿರು ಅಥವಾ ನೀಲಿಛಾಯೆಯ ಗಾಜು. ನೀರು ಚಿಮ್ಮಿಸಿ ತಟ್ಟನೆ ಆರಿಸಿದ ಕಿಟ್ಟ ಮರಳಿನಂತೆ ಪುಡಿಯಾಗುತ್ತದೆ. ಇದು ಸಿಮೆಂಟ್ ತಯಾರಿಕೆಗೆ ಹೋಗುತ್ತದೆ. ಉಕ್ಕು ಮಾಡುವ ಮುಂದಿನ ಹಂತದ ಕಿಟ್ಟದಲ್ಲಿ ಲೋಹದ ಕಾಳುಗಳು ಉಳಿದಿರುವುದರಿಂದ ಆಯಸ್ಕಾಂತ ಚೆನ್ನಾಗಿ ಅಂಟುತ್ತದೆ. ರಸ್ತೆಗೆ ಹಾಸಲು, ತಗ್ಗು ತುಂಬಲು ಕಿಟ್ಟವನ್ನು ಬಳಸುವ ರೂಢಿಯಿರುವುದರಿಂದ ಕಾರ್ಖಾನೆಯಿಂದ ಬಹುದೂರದ ಊರಿನಲ್ಲೂ ಇದರ ತುಂಡು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ. ಹೊಸ ಉಕ್ಕಿನ ಕಿಟ್ಟದಲ್ಲಿ ಸುಟ್ಟ ಸುಣ್ಣದ ಅಂಶ ಇರಬಹುದಾದ್ದರಿಂದ ಒದ್ದೆ ಕೈಯಿಂದ ಮುಟ್ಟಬಾರದು. ಗಾಜಿನಂತಹ ಚಕ್ಕೆಗಳು ಕೈ ಕೊಯ್ಯುತ್ತವೆ.

ಕಲ್ಲಿದ್ದಲು ಮತ್ತು ಅದರ ಬೂದಿಗಟ್ಟಿ

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಬಳ್ಳಾರಿಯ ನೆಲದಲ್ಲಿ ಕಲ್ಲಿದ್ದಲಿನ ತುಂಡು ಸಿಕ್ಕರೆ ಅದು ಹೊರಗಿನಿಂದ ಬಂದದ್ದೇ. ಹಿಂದೆ ಉಗಿಬಂಡಿಗಳು ಗುಂತಕಲ್–ಬಳ್ಳಾರಿ–ಹೊಸಪೇಟೆ ಮಾರ್ಗದಲ್ಲಿ ಓಡುತ್ತಿದ್ದಾಗ ಕಲ್ಲಿದ್ದಲೂ ಅದರ ಬೂದಿಯೂ ಹಳಿಗಳ ಬದಿಗೆ ಬೀಳುತ್ತಿದ್ದವು. ಈಗ ತೋರಣಗಲ್ಲಿನ ಕಾರ್ಖಾನೆಗೂ ಕುಡತಿನಿಯಲ್ಲಿರುವ 1,700 ಮೆಗಾವ್ಯಾಟ್ ಸಾಮರ್ಥ್ಯದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೂ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ.

ಕಲ್ಲಿದ್ದಲನ್ನು ಗುರುತಿಸುವುದು ಸುಲಭ. ಅದು ಕೈಗೆ ಮಸಿ ಹತ್ತಿಸುತ್ತದೆ, ಗಾತ್ರಕ್ಕೆ ಹಗುರವಾಗಿರುತ್ತದೆ, ಚೌಕಚೌಕವಾಗಿ ಬಿರಿಯುತ್ತದೆ. ಮಂಕಾದ ಮತ್ತು ಹೊಳೆಯುವ ಪಟ್ಟಿಗಳು ಒಂದರ ಪಕ್ಕ ಒಂದು ಇರುತ್ತವೆ. ನಾಣ್ಯದಿಂದ ಗೀರಿದರೆ ಗೀರು ಮೂಡುತ್ತದೆ. ಕಲ್ಲಿದ್ದಲು ಪೂರ್ತಿ ಉರಿಯದೆ ಬೂದಿಯ ಅಂಶ ಕರಗಿ ಅಂಟಿಕೊಂಡು ಉಳಿದ ಗಟ್ಟಿಗೆ ಕ್ಲಿಂಕರ್ ಎನ್ನುತ್ತಾರೆ. ಇದು ಬೂದು, ಕೆಂಪು, ಕಪ್ಪು ಬಣ್ಣಗಳು ಬೆರೆತ, ಜೇನುಹಟ್ಟಿನಂತೆ ಟೊಳ್ಳಾದ ವಸ್ತು. ಹಳಿಗಳ ಪಕ್ಕ ಸಿಗುವ ‘ಸುಟ್ಟ ಮೂಳೆ’ಗಳಲ್ಲಿ ಅನೇಕವು ಇವೇ ಆಗಿರುತ್ತವೆ.

ಕಲ್ಲಿದ್ದಲು ಸಸ್ಯಗಳಿಂದಲೇ ಆದುದಲ್ಲವೇ, ಹಾಗಾದರೆ ಅದೂ ಪಳೆಯುಳಿಕೆಯಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದು. ಪಳೆಯುಳಿಕೆ ಇಂಧನ ಎಂಬ ಹೆಸರೇ ಅದಕ್ಕಿದೆ. ಆದರೆ ಸಾಮಾನ್ಯ ಕಲ್ಲಿದ್ದಲಿನ ತುಂಡಿನಲ್ಲಿ ಎಲೆ, ತೊಗಟೆ, ಬೀಜಗಳ ಆಕಾರ ಬರಿಗಣ್ಣಿಗೆ ಉಳಿದಿರುವುದಿಲ್ಲ. ಎಲ್ಲವೂ ಒತ್ತಿ ಒಂದಾಗಿರುತ್ತವೆ. ಆಕಾರ ಉಳಿಯುವುದು ಕಲ್ಲಿದ್ದಲಿನ ಮೇಲೂ ಕೆಳಗೂ ಇರುವ ಜೇಡಿಗಲ್ಲಿನ ಪದರಗಳಲ್ಲಿ. ಭಾರತದ ಕಲ್ಲಿದ್ದಲಿನ ಬಹುಪಾಲು 25ರಿಂದ 30 ಕೋಟಿ ವರ್ಷಗಳ ಹಿಂದಿನ ಗೊಂಡ್ವಾನ ಸ್ತರಗಳದು. ಆ ಕಾಲದ ಗ್ಲಾಸೊಪ್ಟೆರಿಸ್ ಎಂಬ ಸಸ್ಯದ, ನಾಲಿಗೆಯಾಕಾರದ ಎಲೆಯಚ್ಚುಗಳು ಈ ಜೇಡಿಗಲ್ಲಿನಲ್ಲಿ ಸಿಗುತ್ತವೆ. ನಡುವೆ ಒಂದು ದಿಂಡು, ಅದರಿಂದ ಎರಡೂ ಬದಿಗೆ ಬಲೆಯಂತೆ ಹೆಣೆದ ನರಗಳು ಇದರ ಗುರುತು. ಇದೇ ಸಸ್ಯದ ಅವಶೇಷಗಳು ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಗಳಲ್ಲೂ ದೊರೆತಿರುವುದು ಆ ಖಂಡಗಳೆಲ್ಲ ಒಮ್ಮೆ ಕೂಡಿದ್ದವೆಂಬುದಕ್ಕೆ ಮುಖ್ಯ ಆಧಾರಗಳಲ್ಲೊಂದಾಯಿತು.

ಆದುದರಿಂದ ಕಲ್ಲಿದ್ದಲಿನ ರಾಶಿಯಲ್ಲಿ ಬೆರೆತುಬಂದ ಜೇಡಿಗಲ್ಲಿನ ಹಲಗೆಯೊಂದರ ಮೇಲೆ ಎಲೆಯಚ್ಚು ಕಂಡರೆ ಅದು ನಿಜವಾದ ಪಳೆಯುಳಿಕೆಯೇ. ಅದರ ಊರು ಮಾತ್ರ ಬಳ್ಳಾರಿಯಲ್ಲ. ‘ಬಳ್ಳಾರಿಯಲ್ಲಿ ದೊರೆತ ಪಳೆಯುಳಿಕೆ’ ಎಂದು ಚೀಟಿ ಅಂಟಿಸಿ ಶಾಲೆಯ ಕಪಾಟಿನಲ್ಲಿಟ್ಟರೆ ಕಲ್ಲು ನಿಜವಾದರೂ ಚೀಟಿ ಸುಳ್ಳಾಗುತ್ತದೆ.

ಬೂದಿದಿಬ್ಬಗಳ ಕರಗಿದ ಬೂದಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ದೊಡ್ಡ ಬೂದಿದಿಬ್ಬವೊಂದಿದೆ. ಹಳೆಯ ಬರಹಗಳಲ್ಲಿ ಬೂದಿಕನಮ ಎಂಬ ಹೆಸರು ಇದಕ್ಕೆ ಸಲ್ಲುತ್ತದೆ. ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳ ಬಳಿ, ಹಂಪಿಯ ಹತ್ತಿರದ ನಿಂಬಾಪುರದಲ್ಲಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ಮತ್ತು ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಇಂತಹ ನೂರಕ್ಕೂ ಹೆಚ್ಚು ದಿಬ್ಬಗಳನ್ನು ಗುರುತಿಸಲಾಗಿದೆ. ನಿಂಬಾಪುರದ ದಿಬ್ಬ ವಾಲಿಯನ್ನು ದಹಿಸಿದ ಬೂದಿಯೆಂದೂ ಕುಡತಿನಿಯದು ಭೀಮನಿಂದ ಹತನಾದ ಹಿಡಿಂಬಾಸುರನ ಮೂಳೆಗಳ ಬೂದಿಯೆಂದೂ ಐತಿಹ್ಯಗಳಿವೆ. ದಿಬ್ಬದ ಮೈಯಲ್ಲಿ ಸುಟ್ಟ ಮೂಳೆಯಂತೆ ಕಾಣುವ ಬಿಳಿಬೂದು ಗಟ್ಟಿಗಳನ್ನು ನೋಡಿದವರಿಗೆ ಈ ಕಥೆಗಳು ಹುಟ್ಟಿದ ಬಗೆ ಅರ್ಥವಾಗುತ್ತದೆ. ಜನರು ಕಣ್ಣಿಗೆ ಕಂಡುದನ್ನೇ ಹೇಳಿದ್ದಾರೆ. ಮೂಳೆಯೆಂಬ ಊಹೆಯೊಂದೇ ಅವರದು.

ವಿದ್ವಾಂಸರ ಊಹೆಗಳೂ ಕಡಮೆ ವಿಚಿತ್ರವಾಗಿರಲಿಲ್ಲ. ಮದರಾಸು ಸೇನೆಯ ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ದಿಬ್ಬಗಳ ಬಗ್ಗೆ ಬರೆದರು. 1899ರಲ್ಲಿ ಅದೇ ಪತ್ರಿಕೆಯಲ್ಲಿ ರಾಬರ್ಟ್ ಸೀವೆಲ್ ಮತ್ತೆ ಅದೇ ವಿಷಯವನ್ನೆತ್ತಿಕೊಂಡರು. ಜ್ವಾಲಾಮುಖಿಯ ಕಾರಿಕೆ, ಇಟ್ಟಿಗೆಯ ಅಥವಾ ಗಾಜಿನ ಭಟ್ಟಿಯ ಕಸ, ಲೋಹ ಕರಗಿಸಿದ ಕಿಟ್ಟ, ಸಾಮೂಹಿಕ ಶವದಹನ ಎಂದು ಶತಮಾನಕ್ಕೂ ಹೆಚ್ಚು ಕಾಲ ಬಗೆಬಗೆಯ ಅಭಿಪ್ರಾಯಗಳು ಬಂದುಹೋದವು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು 1895ರಲ್ಲಿ ಗ್ರಂಥ ಪ್ರಕಟಿಸಿದ ಬ್ರೂಸ್ ಫೂಟ್ ಮಾತ್ರ, ಇವು ನವಶಿಲಾಯುಗದ ಜನರ ದನದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಸುಟ್ಟು ಆದ ರಾಶಿಗಳು ಎಂಬ ನಿಲುವಿಗೆ ಬಂದಿದ್ದರು. ಗ್ರಾನೈಟನ್ನೂ ಘೇಂಡಾಮೃಗದ ಮೂಳೆಯನ್ನೂ ಕಲ್ಲಿನ ಕೊಡಲಿಯನ್ನೂ ಸಮನಾಗಿ ಬಲ್ಲ ಒಬ್ಬ ವ್ಯಕ್ತಿಗೆ ಇದು ಹೊಳೆದುದು ಕೇವಲ ಆಕಸ್ಮಿಕವಲ್ಲ.

ಪ್ರಶ್ನೆ ಇತ್ಯರ್ಥವಾದದ್ದು ಎರಡು ದಾರಿಗಳಿಂದ. ಒಂದನೆಯದು ಪ್ರಯೋಗಾಲಯದ್ದು: ಲಂಡನ್ನಿನ ಪುರಾತತ್ತ್ವ ಸಂಸ್ಥೆಯ ಫ್ರೆಡರಿಕ್ ಝ್ಯೂನರ್ 1950ರ ದಶಕದ ಕೊನೆಗೆ ಬಳ್ಳಾರಿಯ ದಿಬ್ಬಗಳ ಗಟ್ಟಿಯನ್ನು ಪರೀಕ್ಷಿಸಿ ಅದರ ಮೂಲ ದನದ ಸಗಣಿಯೇ ಎಂದು ತೋರಿಸಿದರು. ಎರಡನೆಯದು ಉತ್ಖನನದ್ದು: 1957ರಲ್ಲಿ ಈಗಿನ ತೆಲಂಗಾಣದ ಉತ್ನೂರಿನ ದಿಬ್ಬವನ್ನು ರೇಮಂಡ್ ಆಲ್ಚಿನ್ ಅಗೆದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೂ ಬೇಲಿಗೆ ನೆಟ್ಟ ಕಂಬಗಳ ಕುಳಿಗಳೂ ಕಂಡವು. 1963ರಲ್ಲಿ ಅವರ ಗ್ರಂಥ ಹೊರಬಂತು. ಕುಪ್ಪಗಲ್ಲಿನ ದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನವರು ಅಗೆದು 1966ರಲ್ಲಿ ವರದಿ ಪ್ರಕಟಿಸಿದರು. 1990ರ ದಶಕದಲ್ಲಿ ಅದೇ ಸಂಸ್ಥೆಯ ಕೆ. ಪದ್ದಯ್ಯ ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನವಸತಿಯನ್ನೂ ಪತ್ತೆಹಚ್ಚಿದರು. ದಿಬ್ಬಗಳ ಕಾಲವನ್ನು ಸ್ಥೂಲವಾಗಿ ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರವರೆಗೆ ಎಂದು ಇಟ್ಟುಕೊಳ್ಳಬಹುದು.

ಸಗಣಿ ಸುಟ್ಟರೆ ಕಲ್ಲಾಗುವುದು ಹೇಗೆ ಎಂಬ ಸಂದೇಹ ಸಹಜ. ಒಲೆಯಲ್ಲಿ ಕುಳ್ಳು ಉರಿದರೆ ಮೆತ್ತನೆಯ ಬೂದಿಯಷ್ಟೇ ಉಳಿಯುತ್ತದೆ. ಆದರೆ ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕಾ ಸಾಕಷ್ಟಿದೆ. ದನದ ಹೊಟ್ಟೆಯಲ್ಲಿ ಅದು ಕರಗದೆ ಸಗಣಿಯಲ್ಲಿ ಹೊರಬರುತ್ತದೆ. ಬೂದಿಯಲ್ಲಿ ಪೊಟ್ಯಾಶ್ ಮುಂತಾದ ಕ್ಷಾರಗಳಿವೆ. ಸಿಲಿಕಾ ಮತ್ತು ಕ್ಷಾರ ಕೂಡಿದರೆ ಕರಗುವ ಉಷ್ಣತೆ ಇಳಿಯುತ್ತದೆ. ಗಾಜು ಮಾಡುವುದೂ ಇದೇ ತತ್ತ್ವದಿಂದ. ಆಳೆತ್ತರದ ಒಣಸಗಣಿಯ ರಾಶಿಗೆ ಬೆಂಕಿ ಬಿದ್ದು ಒಳಗೊಳಗೇ ಬಹುಕಾಲ ಉರಿದಾಗ ರಾಶಿಯ ನಡುವೆ ಕುಲುಮೆಯ ಶಾಖ ಹುಟ್ಟಿ ಬೂದಿ ಕರಗುತ್ತದೆ.

ಈ ಗಟ್ಟಿಯಲ್ಲೂ ಗುಳ್ಳೆಯ ತೂತುಗಳಿವೆ, ಹರಿದ ಮಡಿಕೆಗಳಿವೆ. ಕಿಟ್ಟದಿಂದ ಇದನ್ನು ಬೇರ್ಪಡಿಸುವ ಮೊದಲ ಗುರುತು ತೂಕ. ಕಬ್ಬಿಣದ ಕಿಟ್ಟ ಕೈಯನ್ನು ಕೆಳಕ್ಕೆಳೆಯುತ್ತದೆ. ಸಗಣಿಬೂದಿಯ ಗಟ್ಟಿ ನಿರೀಕ್ಷೆಗಿಂತ ಹಗುರ. ಬಣ್ಣ ಬಿಳಿಬೂದು, ಹಸಿರುಬೂದು. ತುಕ್ಕಿನ ಕಲೆ ಇರದು, ಆಯಸ್ಕಾಂತ ಅಂಟದು. ಕೆಲವು ತುಂಡುಗಳಲ್ಲಿ ಹುಲ್ಲುಕಡ್ಡಿಯ ಅಚ್ಚು ಇರುತ್ತದೆ. ಸುತ್ತಮುತ್ತ ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಯ ಚೂರು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಯ ಬೋಕಿ, ದನದ ಮೂಳೆ ಸಿಗಬಹುದು. ಅದಿರಿನ ರಾಶಿಯಾಗಲಿ ಊದುಕೊಳವೆಯಾಗಲಿ ಸಿಗುವುದಿಲ್ಲ. ಆಧುನಿಕ ಊದುಕುಲುಮೆಯ ಕಿಟ್ಟವೂ ಬಿಳಿಚಾಗಿ, ಸಾಕಷ್ಟು ಹಗುರವಾಗಿರುವುದರಿಂದ ಒಂದು ಬಿಡಿ ತುಂಡನ್ನು ಮಾತ್ರ ನೋಡಿ ತೀರ್ಪು ಕೊಡುವುದು ಕಷ್ಟ. ಬೂದಿದಿಬ್ಬದಲ್ಲಾದರೆ ಗಟ್ಟಿಯೂ ಮೆತ್ತನೆಯ ಬೂದಿಯೂ ಪದರಪದರವಾಗಿ, ದಿಬ್ಬದ ಉದ್ದಕ್ಕೂ ಕಾಣುತ್ತವೆ. ಕಾರ್ಖಾನೆಯ ಕಿಟ್ಟ ಲಾರಿಯಿಂದ ಸುರಿದ ರಾಶಿಯಾಗಿ, ಪದರಗಳಿಲ್ಲದೆ ಕಲಸಿಕೊಂಡಿರುತ್ತದೆ. ಕುಡತಿನಿಯಲ್ಲಂತೂ ನಾಲ್ಕು ಸಾವಿರ ವರ್ಷಗಳ ಹಿಂದಿನ ಬೂದಿಯೂ ಇಂದಿನ ವಿದ್ಯುತ್ ಸ್ಥಾವರದ ಬೂದಿಯೂ ಒಂದೇ ಊರಿನ ಎಲ್ಲೆಯಲ್ಲಿವೆ.

ಬೂದಿದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವಾಗಿ, ರಸ್ತೆಗೆ ಮಣ್ಣಾಗಿ ಸಾಗಿಸಿದ್ದರಿಂದ ಅನೇಕ ದಿಬ್ಬಗಳು ಕರಗಿಹೋಗಿವೆ. ಸಂಗನಕಲ್ಲು–ಕುಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕಲ್ಲುಗಣಿಗಾರಿಕೆಯಿಂದ ನವಶಿಲಾಯುಗದ ಬಂಡೆಚಿತ್ರಗಳಿಗೂ ಕೊಡಲಿ ತಯಾರಿಸುತ್ತಿದ್ದ ನೆಲೆಗಳಿಗೂ ಹಾನಿಯಾಗಿದೆ. ಊರಿನವರಿಗೆ ಅದು ಹಳೆಯ ದನದೊಡ್ಡಿಯೆಂದು ತಿಳಿಸುವವರಿದ್ದರೆ ಎಷ್ಟೋ ದಿಬ್ಬಗಳು ಉಳಿಯುತ್ತಿದ್ದವು. ದೊಡ್ಡಿ, ಹಟ್ಟಿ, ತಿಪ್ಪೆಗಳು ಈ ಸೀಮೆಯ ರೈತರಿಗೆ ಪರಕೀಯವಲ್ಲ. ಬಾದನಹಟ್ಟಿಯ ಹೆಸರಿನಲ್ಲೇ ಇರುವ ‘ಹಟ್ಟಿ’ ಎಂಬ ಪದಕ್ಕೆ ದನಗಳ ನೆಲೆ, ಜನವಸತಿ ಎಂಬ ಎರಡೂ ಅರ್ಥಗಳಿವೆ. ಆದರೆ ಅಷ್ಟರಿಂದಲೇ ಆ ಊರಿಗೂ ನವಶಿಲಾಯುಗಕ್ಕೂ ನಂಟು ಹೊಸೆಯುವುದು ಸರಿಯಲ್ಲ. ಹಟ್ಟಿ ಎಂದು ಕೊನೆಗೊಳ್ಳುವ ಊರುಗಳು ಕನ್ನಡನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ.

ಮೂಳೆ, ಮರ ಮತ್ತು ಹುಸಿ ಪಳೆಯುಳಿಕೆಗಳು

ಪಳೆಯುಳಿಕೆಯಾದ ಮೂಳೆಯಲ್ಲೂ ತೂತುಗಳಿರುತ್ತವೆ. ಆದರೆ ಅವು ಜೀವಿಯ ಬೆಳವಣಿಗೆಯ ಕ್ರಮವನ್ನು ಅನುಸರಿಸುತ್ತವೆ. ಹೊರಭಾಗದಲ್ಲಿ ದಟ್ಟವಾದ ಚಿಪ್ಪಿನಂತಹ ಪದರ, ಒಳಗೆ ಸ್ಪಂಜಿನಂತೆ ಒಂದಕ್ಕೊಂದು ಕೂಡಿಕೊಂಡ ಸಣ್ಣ ಕೋಣೆಗಳ ಜಾಲ ಇರುತ್ತದೆ; ಅವು ಮೂಳೆಯ ಉದ್ದಕ್ಕೆ ಅನುಗುಣವಾಗಿ ಸಾಲುಗೊಂಡಿರುತ್ತವೆ. ಕಲ್ಲಾದ ಮರದಲ್ಲಿ ಅಡ್ಡ ಕತ್ತರಿಸಿದರೆ ಉಂಗುರಗಳು, ಉದ್ದಕ್ಕೆ ಎಳೆಗಳು ಕಾಣುತ್ತವೆ. ಕಿಟ್ಟದ ಗುಳ್ಳೆಗೆ ಇಂತಹ ಶಿಸ್ತಿಲ್ಲ. ದಖನ್ ಪ್ರಸ್ಥಭೂಮಿಯ ಕರಿಕಲ್ಲಿನಲ್ಲೂ ಸಹಜ ಗುಳ್ಳೆಗಳಿರುತ್ತವೆ. ಕೃಷ್ಣಾ ಕಣಿವೆಯ ಜಲ್ಲಿಯಲ್ಲಿ ಅಂತಹ ಉರುಟುಕಲ್ಲುಗಳು ಸಿಗುತ್ತವೆ. ಅವು ಕಿಟ್ಟವೂ ಅಲ್ಲ.

ಹಳೆಯ ಮೂಳೆಯೆಲ್ಲವೂ ಪಳೆಯುಳಿಕೆಯಲ್ಲ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ 1963–64ರಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಸಮಾಧಿಗಳು ದೊರೆತವು. ಅಲ್ಲಿನ ಎಲುಬುಗಳು ಸಾವಿರಾರು ವರ್ಷ ಹಳೆಯವಾದರೂ ಅವನ್ನು ಪುರಾತತ್ತ್ವದ ಅವಶೇಷಗಳೆಂದೇ ಕರೆಯಬೇಕು. ರೂಢಿಯಲ್ಲಿ ಹತ್ತು ಸಾವಿರ ವರ್ಷಗಳಿಗಿಂತ ಹಳೆಯದನ್ನು ಪಳೆಯುಳಿಕೆ ಎನ್ನುವುದುಂಟು.

ಸಂಡೂರಿನ ಮ್ಯಾಂಗನೀಸ್ ಇನ್ನೊಂದು ಭ್ರಮೆಗೆ ಕಾರಣವಾಗುತ್ತದೆ. ಕಲ್ಲಿನ ಬಿರುಕಿಗೆ ಮ್ಯಾಂಗನೀಸ್ ಬೆರೆತ ನೀರು ಇಳಿದು ಒಣಗಿದಾಗ ಜರಿಗಿಡದಂತೆ ಕವಲೊಡೆದ ಕಪ್ಪು ಚಿತ್ತಾರ ಮೂಡುತ್ತದೆ. ಇದನ್ನು ಡೆಂಡ್ರೈಟ್ ಎನ್ನುತ್ತಾರೆ. ನೋಡಲು ಎಲೆಯಚ್ಚಿಗಿಂತಲೂ ಸುಂದರ. ಆದರೆ ಸಸ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಜವಾದ ಎಲೆಗೆ ಅಂಚು ಇರುತ್ತದೆ, ನಡುನರ ಇರುತ್ತದೆ. ಡೆಂಡ್ರೈಟ್ ಬಿರುಕಿನ ಗೆರೆಯಿಂದ ಹೊರಟು ಮನಬಂದಂತೆ ಹರಡುತ್ತದೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು

ಆಯಸ್ಕಾಂತ, ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರ, ಬಿಳಿ ಟೈಲ್ಸಿನ ಒರಟು ಹಿಂಬದಿ ಮತ್ತು ತೂಗುವ ಸಣ್ಣ ತಕ್ಕಡಿ ಸಾಕು. ಟೈಲ್ಸಿನ ಹಿಂಬದಿಗೆ ಕಲ್ಲನ್ನು ಉಜ್ಜಿದಾಗ ಬೀಳುವ ಗೆರೆಯ ಬಣ್ಣ ಬಹಳ ಹೇಳುತ್ತದೆ. ಕಲ್ಲಿದ್ದಲಿನ ಗೆರೆ ಕಪ್ಪು ಅಥವಾ ಕಂದುಗಪ್ಪು, ಮ್ಯಾಂಗನೀಸ್ ಅದಿರಿನದೂ ಕಪ್ಪು. ಹೆಮಟೈಟ್ ಕಬ್ಬಿಣದ ಅದಿರು ಮೇಲೆ ಎಷ್ಟೇ ಕಪ್ಪಾಗಿದ್ದರೂ ಗೆರೆ ರಕ್ತಗೆಂಪು. ಗಾಜಿನಂತಹ ಕಿಟ್ಟ ಗೆರೆ ಬಿಡುವುದೇ ಅಪರೂಪ.

ಸಾಂದ್ರತೆಯ ಪರೀಕ್ಷೆ ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಉತ್ತ್ಸಾಹ ತರುವಂತಹುದು. ಕಲ್ಲನ್ನು ಒಣಗಿದ್ದಾಗ ತೂಗಬೇಕು. ಬಳಿಕ ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಒಣತೂಕವನ್ನು ತೂಕದಲ್ಲಿ ಆದ ಇಳಿತದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಒಣತೂಕ 300 ಗ್ರಾಂ, ನೀರಿನಲ್ಲಿ 210 ಗ್ರಾಂ ಇದ್ದರೆ ಇಳಿತ 90 ಗ್ರಾಂ, ಉತ್ತರ 3.3. ಕಲ್ಲಿದ್ದಲಿಗೆ ಇದು ಸುಮಾರು 1.2ರಿಂದ 1.5, ಗ್ರಾನೈಟಿಗೆ 2.6ರಿಂದ 2.7, ಹಳೆಯ ಕಬ್ಬಿಣದ ಕಿಟ್ಟಕ್ಕೆ ಸಾಮಾನ್ಯವಾಗಿ 3ಕ್ಕಿಂತ ಮೇಲೆ, ಹೆಮಟೈಟ್‌ಗೆ ಸುಮಾರು 5. ತೂತುಗಳೊಳಗೆ ಗಾಳಿ ಉಳಿದರೆ ಲೆಕ್ಕ ತಪ್ಪುವುದರಿಂದ ತುಂಡನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಅಲುಗಾಡಿಸಿ ಗುಳ್ಳೆ ಹೊರಡಿಸಬೇಕು.

ನಿಜವಾದ ಮೂಳೆ ಅಥವಾ ಎಲೆಯಚ್ಚಿನ ಗುಮಾನಿ ಇರುವ ವಸ್ತುವಿಗೆ ಆಮ್ಲ ಹಾಕುವುದು, ಸುತ್ತಿಗೆಯಿಂದ ಒಡೆಯುವುದು, ಉಜ್ಜುವುದು ಕೂಡದು. ಸಿಕ್ಕ ಜಾಗದಲ್ಲೇ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಚಿತ್ರ ತೆಗೆದು, ಊರು, ಹೊಲ, ದಿನಾಂಕ, ಮಣ್ಣಿನ ಬಗೆ ಇವುಗಳನ್ನು ಬರೆದಿಟ್ಟುಕೊಳ್ಳಬೇಕು. ದಿಬ್ಬವೊಂದರ ಮೇಲೆ ಸಿಕ್ಕ ತುಂಡಾದರೆ ಅಗೆಯದೆ, ಮೇಲೆ ಬಿದ್ದುದನ್ನೂ ಎತ್ತದೆ, ರಾಜ್ಯದ ಪುರಾತತ್ತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ ತಿಳಿಸುವುದು ಕ್ರಮ. ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯದಲ್ಲಿ ಈ ಪ್ರದೇಶದ ಪ್ರಾಗೈತಿಹಾಸಿಕ ವಸ್ತುಗಳನ್ನು ನೋಡಬಹುದು.